ಮೊದಲ ರಾಕ್ ಆಲ್ಬಮ್ ಮಾಡುವವರಿಗೆ, ಜೆಪ್ಪುವಿನ ಹಂಚಿನ ಮನೆಯಿಂದ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ವಾರದ ಆರು ದಿನ ಮಂಗಳೂರಿನ ಕಂಕನಾಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ, ಭಾನುವಾರ ಜೆಪ್ಪುವಿನ ಅಜ್ಜಿ ಮನೆಯಲ್ಲಿ ಬ್ಯಾಂಡು. ನಾಲ್ಕು ಜನ ನಾವು. ಗಿಟಾರಿನವನು ಚರ್ಚಿನ ಕ್ವಾಯರಿನಲ್ಲಿ ಕಲಿತವನು. ಡ್ರಮ್ಮರ್ ಉಡುಪಿಯವನು, ಮದುವೆ ಮತ್ತು ಚರ್ಚ್ ಹಬ್ಬಗಳ ಬ್ರಾಸ್ ಬ್ಯಾಂಡಿನಲ್ಲಿ ಬಾರಿಸಿ ಕೈ ಪಳಗಿದವನು. ಹಾಡುವವನು ಎರಡು ವರ್ಷ ಯಕ್ಷಗಾನದ ಭಾಗವತಿಕೆ ಕಲಿತಿದ್ದಾನೆ. ನಾಲ್ವರನ್ನೂ ಒಂದೇ ಕಡೆ ಕೂರಿಸಿದ್ದು ಅರುವತ್ತು, ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್.

ನಮ್ಮ ಮೊದಲ ಆಲ್ಬಮ್ ಈ ವರ್ಷ ಮುಗಿಯಿತು. ಕನ್ನಡದಲ್ಲಿ ಎಂಟು ಹಾಡು, 37 ನಿಮಿಷ. ಶುರು ಮಾಡಿದ ದಿನದಿಂದ ಲೆಕ್ಕ ಹಾಕಿದರೆ ಒಂದೂವರೆ ವರ್ಷ. ಆದರೆ ವಾದ್ಯಗಳನ್ನು ರೆಕಾರ್ಡ್ ಮಾಡಿದ್ದು ಮೂರೇ ಮಧ್ಯಾಹ್ನ. ಉಳಿದ ಹದಿನೇಳೂ ಚಿಲ್ಲರೆ ತಿಂಗಳು ಏನು ಮಾಡಿದೆವು, ನೀವು ಏನು ಮಾಡಬೇಕು, ಅದನ್ನು ಇಲ್ಲಿ ಬರೆಯುತ್ತೇನೆ.

ಸ್ಟುಡಿಯೋ ಆಮೇಲೆ

ಮೊದಲು ಸ್ಟುಡಿಯೋ ಬುಕ್ ಮಾಡಬೇಡಿ. ನಾವು ಮಾಡಿದ್ದು ಅದನ್ನೇ. ಕೈಯಲ್ಲಿ ನಾಲ್ಕು ಹಾಡು, ಅವೂ ಅರ್ಧಂಬರ್ಧ. ಗಂಟೆ ಲೆಕ್ಕದ ಬಾಡಿಗೆ, ಎರಡು ದಿನ. ಎರಡನೇ ಚರಣ ಆದ ಮೇಲೆ ಪಲ್ಲವಿ ಒಂದು ಸಲವೋ ಎರಡು ಸಲವೋ ಅಂತ ಮೈಕಿನ ಮುಂದೆ ನಿಂತು ಮಾತಾಡಿದೆವು. ಒಬ್ಬೊಬ್ಬರೇ ಒಳಗೆ ಹೋಗಿ ನಮ್ಮ ನಮ್ಮ ಭಾಗ ನುಡಿಸಿ ಬಂದೆವು. ಕೊನೆಗೆ ಸಿಕ್ಕಿದ್ದು ಒಂದೂವರೆ ಹಾಡು. ಕೇಳಿದರೆ ನಾಲ್ಕು ಜನ ನಾಲ್ಕು ಮನೆಯಲ್ಲಿ ಕೂತು ನುಡಿಸಿದ ಹಾಗಿತ್ತು. ಆ ದಿನ ಮನೆಗೆ ಬಂದು ಊಟ ಸೇರಲಿಲ್ಲ ನನಗೆ.

ಆಮೇಲೆ ನಾನು ಹುಡುಕಿದ್ದು ಒಂದೇ ವಿಷಯ. ನಾವು ಇಷ್ಟಪಡುವ ಬ್ಯಾಂಡುಗಳ ಮೊದಲ ಆಲ್ಬಮ್ ಹೇಗೆ ಆಯಿತು? ಬೀಟಲ್ಸ್ ತಮ್ಮ ಮೊದಲ ಎಲ್‌ಪಿಯ 14 ಹಾಡುಗಳಲ್ಲಿ 10 ಹಾಡನ್ನು 1963ರ ಫೆಬ್ರವರಿ 11ರಂದು, ಒಂದೇ ದಿನದಲ್ಲಿ, ಲಂಡನ್ನಿನ ಆಬಿ ರೋಡಿನಲ್ಲಿ ಮುಗಿಸಿದರು. ಬ್ಲ್ಯಾಕ್ ಸಬ್ಬತ್ ತಮ್ಮ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ನುಡಿಸಿ ಎದ್ದರು. ಲೆಡ್ ಜೆಪೆಲಿನ್ ಮೊದಲ ಆಲ್ಬಮ್ 1968ರಲ್ಲಿ ಒಲಿಂಪಿಕ್ ಸ್ಟುಡಿಯೋದಲ್ಲಿ ಸುಮಾರು 36 ಗಂಟೆಯಲ್ಲಿ ಆಯಿತು ಅಂತ ಆ ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಹೇಳಿದ್ದಾರೆ.

ಇದು ಹೇಗೆ ಸಾಧ್ಯ? ಬೀಟಲ್ಸ್ 1960ರಿಂದಲೇ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿ ಗಂಟೆಗಟ್ಟಲೆ ನುಡಿಸಿದ್ದರು. ಜೆಪೆಲಿನ್ ಸ್ಟುಡಿಯೋಗೆ ಹೋಗುವ ಮೊದಲು ಸ್ಕ್ಯಾಂಡಿನೇವಿಯಾದಲ್ಲಿ ಊರೂರು ತಿರುಗಿ ಆ ಹಾಡುಗಳನ್ನು ಜನರ ಮುಂದೆ ನುಡಿಸಿ ಬಂದಿದ್ದರು. ಅಂದರೆ ಮೈಕಿನ ಮುಂದೆ ಬರುವ ಹೊತ್ತಿಗೆ ಹಾಡು ಮುಗಿದಿತ್ತು. ಅದನ್ನು ಹಿಡಿದಿಡುವುದಷ್ಟೇ ಬಾಕಿ ಇತ್ತು.

ನನ್ನ ಮಾತು ಇಷ್ಟೇ. ಕ್ಲಾಸಿಕ್ ರಾಕ್ ಇಷ್ಟ ಅಂತ ಆ ಬ್ಯಾಂಡುಗಳ ಗಿಟಾರಿನ ಟೋನ್ ಹುಡುಕುತ್ತಾ ವರ್ಷ ಕಳೆಯಬೇಡಿ. ಅವರು ಕೆಲಸ ಮಾಡಿದ ಕ್ರಮ ಹಿಡಿಯಿರಿ. ಒಟ್ಟಿಗೆ ಕೂತು, ಒಂದೇ ಕೋಣೆಯಲ್ಲಿ, ಕೈಗೆ ಹಾಡು ಬಾಯಿಪಾಠ ಆಗುವ ತನಕ ನುಡಿಸಿ.

ಭಾನುವಾರ ಎರಡೂವರೆಯಿಂದ ಆರು

ನಮ್ಮ ಪ್ರ್ಯಾಕ್ಟೀಸಿಗೆ ಒಂದು ಗಡಿ ಇತ್ತು. ಡ್ರಮ್ಮರ್ ಉಡುಪಿಗೆ ಬಸ್ ಹಿಡಿಯಬೇಕು, ಹಾಗಾಗಿ ಆರಕ್ಕೆ ಎಲ್ಲವೂ ನಿಲ್ಲಬೇಕು. ಮೂರೂವರೆ ಗಂಟೆಯನ್ನು ಹೀಗೆ ಹಂಚಿಕೊಂಡೆವು. ಮೊದಲ ಒಂದು ಗಂಟೆ ಹೊಸ ಹಾಡಿಗೆ. ಆಮೇಲೆ ಹಿಂದಿನ ವಾರ ತೊಡಕಾದ ಜಾಗಗಳಿಗೆ. ಒಂದು ಚಹಾ. ಕೊನೆಯ ಮುಕ್ಕಾಲು ಗಂಟೆ, ಇದ್ದಷ್ಟೂ ಹಾಡುಗಳನ್ನು ಆಲ್ಬಮ್ಮಿನ ಕ್ರಮದಲ್ಲಿ, ನಿಲ್ಲಿಸದೆ. ತಪ್ಪಾದರೂ ನಿಲ್ಲಿಸುವ ಹಾಗಿಲ್ಲ. ತಂತಿ ಹರಿದರೂ ಉಳಿದ ಮೂವರು ಮುಂದುವರಿಸಬೇಕು.

ಆ ಕೊನೆಯ ಮುಕ್ಕಾಲು ಗಂಟೆಯನ್ನು ಪ್ರತಿ ವಾರ ಒಂದು ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನನ್ನು ಡ್ರಮ್ಮಿನಿಂದ ದೂರ, ಕಪಾಟಿನ ಮೇಲೆ ಇಡಿ. ಸೋಮವಾರ ಬಸ್ಸಿನಲ್ಲಿ ಕೇಳಿ. ಫೋನಿಗೆ ದಾಕ್ಷಿಣ್ಯ ಇಲ್ಲ. ಬೇಸ್ ಮತ್ತು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಒಟ್ಟಿಗೆ ಬೀಳದಿದ್ದರೆ ಅಲ್ಲಿ ಕೆಸರು ಕಲಸಿದ ಹಾಗೆ ಕೇಳುತ್ತದೆ. ನಮ್ಮದು ಹಾಗೇ ಇತ್ತು. ಅದಕ್ಕೆ ನಾನು ಮತ್ತು ಡ್ರಮ್ಮರ್ ಇಬ್ಬರೇ ಆರು ವಾರ ಅರ್ಧ ಗಂಟೆ ಬೇಗ ಕೂತೆವು. ನಾನು ಅವನ ಬಲಗಾಲನ್ನೇ ನೋಡುತ್ತಾ ನುಡಿಸಿದೆ. ಗಿಟಾರ್ ಇಲ್ಲ, ಹಾಡು ಇಲ್ಲ. ಆರನೇ ವಾರದ ಫೋನ್ ರೆಕಾರ್ಡಿಂಗಿನಲ್ಲಿ ಎರಡು ಸದ್ದು ಒಂದಾಗಿತ್ತು. ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ. ರಾಕ್ ಹಾಡಿನ ಅಡಿಪಾಯ ಇರುವುದೇ ಇಲ್ಲಿ.

ಟಿಕ್ ಟಿಕ್ ಅಂತ ವೇಗ ತೋರಿಸುವ ಮೆಟ್ರೊನೋಮ್ ಬೇಕಾ? ಪ್ರ್ಯಾಕ್ಟೀಸಿಗೆ ಬೇಕು. ರೆಕಾರ್ಡಿಂಗಿನಲ್ಲಿ ನಾವು ಅದನ್ನು ಹಾಡು ಶುರುವಾಗುವ ವೇಗ ನೋಡಲು ಮಾತ್ರ ಬಳಸಿ, ಆಮೇಲೆ ಆಫ್ ಮಾಡಿದೆವು. ಹಾಡು ಏರುತ್ತಾ ಹೋದಂತೆ ಎರಡು ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ಪೆಟ್ಟು) ಜಾಸ್ತಿಯಾದರೆ ನಮಗೆ ಖುಷಿಯೇ. ಚೆಂಡೆ ಕೇಳಿ ಬೆಳೆದ ಊರಿನವರು ನಾವು, ವೇಗ ಏರುವುದು ನಮ್ಮ ಕಿವಿಗೆ ತಪ್ಪಲ್ಲ. ಹತ್ತು ಏರಿದರೆ ಮಾತ್ರ ಮತ್ತೆ ನುಡಿಸಿ.

ಇನ್ನೊಂದು ಮಾತು. ನಮ್ಮ ಆರನೇ ಹಾಡು ಏಳು ಮಾತ್ರೆಯದು. ಗಿಟಾರಿನವನು ಒಂದು ಎರಡು ಮೂರು ಅಂತ ಎಣಿಸುತ್ತಾ ಎಲ್ಲರಿಗೂ ಕಲಿಸುತ್ತಿದ್ದ. ಯಾರಿಗೂ ಹಿಡಿತ ಸಿಗಲಿಲ್ಲ. ಹಾಡುವವನು ಸ್ವಲ್ಪ ಹೊತ್ತು ಕೇಳಿ, “ಇದು ತ್ರಿವುಡೆ ಅಲ್ವಾ?” ಅಂತ ಯಕ್ಷಗಾನದ ಆ ಏಳು ಮಾತ್ರೆಯ ತಾಳವನ್ನು ತೊಡೆಯ ಮೇಲೆ ಹಾಕಿ ತೋರಿಸಿದ. ಆಮೇಲೆ ಯಾರೂ ಎಣಿಸಲಿಲ್ಲ. ನಿಮ್ಮ ಬ್ಯಾಂಡಿನಲ್ಲಿ ಭಜನೆ, ಚೆಂಡೆ, ಕ್ವಾಯರ್, ಏನೇ ಕಲಿತವರಿದ್ದರೂ ಆ ಕಲಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಡಿ ಅಂತ ಹೇಳಿ.

ಹಾಡು ಆರಿಸುವಾಗ ಕಠಿಣವಾಗಿರಿ. ನಮ್ಮಲ್ಲಿ ಹದಿಮೂರು ಇತ್ತು, ಎಂಟು ಉಳಿಸಿದೆವು. ಹಳೆಯ ಎಲ್‌ಪಿಯ ಒಂದು ಬದಿಗೆ ಸುಮಾರು 22 ನಿಮಿಷ ಹಿಡಿಯುತ್ತಿತ್ತು. ಆ ಅಳತೆ ಇವತ್ತಿಗೂ ಒಳ್ಳೆಯದು. ನಾಲ್ಕು ಹಾಡು, ಒಂದು ಉಸಿರು, ಮತ್ತೆ ನಾಲ್ಕು ಹಾಡು. ಬಿಟ್ಟ ಐದರಲ್ಲಿ ಎರಡನ್ನು ಬಿಟ್ಟದ್ದಕ್ಕೆ ಬೇರೆ ಕಾರಣ ಇತ್ತು. ಹಳೆಯ ರಾಕ್ ಚೆನ್ನಾಗಿ ಗೊತ್ತಿರುವ ಒಬ್ಬ ಗೆಳೆಯನಿಗೆ ಎಲ್ಲ ರಿಫ್‌ಗಳನ್ನು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಬರೀ ಗಿಟಾರಿನಲ್ಲಿ ಕೇಳಿಸಿದೆವು. ಎರಡು ಕಡೆ ಅವನು ಕೂಡಲೇ ಒಂದು ಹಳೆಯ ಹಾಡಿನ ಹೆಸರು ಹೇಳಿದ. ಆ ಎರಡನ್ನೂ ಅವತ್ತೇ ತೆಗೆದೆವು. ನೀವೂ ಈ ಪರೀಕ್ಷೆ ಮಾಡಿ. ಹನ್ನೆರಡು ಬಾರ್‌ಗಳ ಬ್ಲೂಸ್ ಚೌಕಟ್ಟು ಎಲ್ಲರೂ ಬಳಸುವಂಥದ್ದು, ಯಾರ ಸ್ವತ್ತೂ ಅಲ್ಲ. ಆದರೆ ಒಬ್ಬರ ರಿಫ್ ಅವರದ್ದೇ.

ಕನ್ನಡದಲ್ಲಿ ಬರೆಯುವಾಗ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮಗೆ ಅತಿ ಹೆಚ್ಚು ಕಷ್ಟ ಆದದ್ದು, ಅತಿ ಹೆಚ್ಚು ಸಂತೋಷ ಕೊಟ್ಟದ್ದು ಎರಡೂ ಇದೇ.

ಇಂಗ್ಲಿಷ್ ಸಾಲು ಅನೇಕ ಸಲ ವ್ಯಂಜನದಲ್ಲಿ ಕತ್ತರಿಸಿದ ಹಾಗೆ ಮುಗಿಯುತ್ತದೆ. ಆ ಕೂಡಲೇ ಗಿಟಾರ್ ಒಳಗೆ ನುಗ್ಗಬಹುದು. ಕನ್ನಡದ ಪದ ಮುಗಿಯುವುದು ಸ್ವರದಲ್ಲಿ. ಕಡಲು, ಮಳೆ, ದಾರಿ, ಮನೆ. ಹಾಡುವವನ ಬಾಯಿ ಆ ಸ್ವರವನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ನೋಡುತ್ತದೆ. ನಾವು ಮೊದಲು ರಿಫ್ ಮಾಡಿ ಅದರ ಸಂದಿಯಲ್ಲಿ ಕನ್ನಡ ತುರುಕಿದೆವು. ಪ್ರತಿ ಸಾಲಿನ ಬಾಲಕ್ಕೂ ಗಿಟಾರ್ ಬಡಿಯಿತು. ಹಾಡುವವನು ಬಾಲ ಕತ್ತರಿಸಿ ಹಾಡಿದ, ಕನ್ನಡ ಬರದವನು ಹಾಡಿದ ಹಾಗಾಯಿತು. ಪರಿಹಾರ ಸುಲಭ. ಸಾಲು ಮುಗಿದ ಮೇಲೆ ರಿಫ್ ಅರ್ಧ ಪೆಟ್ಟು ತಡವಾಗಿ ಬರಲಿ. ಅಷ್ಟೇ ಜಾಗ ಸಾಕು.

ಎರಡನೆಯದು ಹ್ರಸ್ವ, ದೀರ್ಘ. ಎತ್ತರದ ಸ್ವರದಲ್ಲಿ ಎಳೆದು ಹಾಡುವುದು ಈ ಸಂಗೀತದ ಜೀವ. ಆದರೆ ಕನ್ನಡದಲ್ಲಿ ಎಲ್ಲೆಂದರಲ್ಲಿ ಎಳೆಯುವ ಹಾಗಿಲ್ಲ. ‘ನಡು’ ಎಳೆದರೆ ‘ನಾಡು’ ಆಗುತ್ತದೆ. ‘ಬಿಡು’ ಎಳೆದರೆ ‘ಬೀಡು’. ‘ಮಡಿ’ ಎಳೆದರೆ ‘ಮಾಡಿ’. ಎಳೆಯುವ ಜಾಗದಲ್ಲಿ ಮೊದಲೇ ದೀರ್ಘ ಇರುವ ಪದ ಹಾಕಿ, ಇಲ್ಲವೇ ಪದದ ಕೊನೆಯ ಸ್ವರವನ್ನು ಎಳೆಯಿರಿ. ಅದೂ ಆ, ಓ ಬಂದರೆ ಗಂಟಲು ತೆರೆದುಕೊಳ್ಳುತ್ತದೆ. ಇ, ಉ ಬಂದರೆ ಬಿಗಿಯುತ್ತದೆ. ನಮ್ಮ ಪಲ್ಲವಿಯೊಂದು ‘ಕಡಲು’ ಅಂತ ಮುಗಿಯುತ್ತಿತ್ತು, ಮೇಲಿನ ಸ್ವರದಲ್ಲಿ ಅವನ ಗಂಟಲು ಕಟ್ಟುತ್ತಿತ್ತು. ‘ಕಡಲಾಚೆ’ ಮಾಡಿದೆವು. ಒಂದೇ ಪದ ಬದಲಿಸಿದ್ದಕ್ಕೆ ಇಡೀ ಹಾಡು ಎದ್ದು ನಿಂತಿತು.

ಒತ್ತಕ್ಷರ ನಮ್ಮ ದೊಡ್ಡ ಆಸ್ತಿ. ಕಟ್ಟು, ಮುಟ್ಟು, ಸುತ್ತು, ಕಪ್ಪು. ಇವು ಚಟ್ ಅಂತ ಸಿಡಿಯುವ ಸ್ನೇರ್ ಡ್ರಮ್ಮಿನ ಹಾಗೆ ಬೀಳುತ್ತವೆ. ಹಳೆಗನ್ನಡದ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಹಾಕುತ್ತಿದ್ದರು. ರಾಕಿನಲ್ಲಿ ಸ್ನೇರ್ ಬೀಳುವುದು ಎರಡನೇ ಪೆಟ್ಟಿಗೆ. ಎರಡನ್ನೂ ಕೂಡಿಸಬಹುದು ಅಂತ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೋಣಿ ಕಟ್ಟುವ ಧಕ್ಕೆಯ ಬಗ್ಗೆ ನಾನು ಬರೆದ ಹಾಡು ಹೀಗೆ ಶುರುವಾಗುತ್ತದೆ:

ಕಟ್ಟಿದ ಹಗ್ಗ ಸವೆಯಿತು
ಮುಟ್ಟಿದ ಕಬ್ಬಿಣ ತುಕ್ಕಾಯಿತು
ಬಿಟ್ಟ ದೋಣಿ ಬರಲಿಲ್ಲ

ಮೂರು ಸಾಲಿನಲ್ಲೂ ‘ಟ್ಟ’ದ ಮೇಲೆ ಸ್ನೇರ್ ಬೀಳುತ್ತದೆ. ಬೆರಳಲ್ಲಿ ಮೇಜು ತಟ್ಟಿ ಓದಿ ನೋಡಿ.

ಮೂರನೆಯದು ಉಚ್ಚಾರ. ಇಂಗ್ಲಿಷ್ ಹಾಡು ಹಾಡಿ ಅಭ್ಯಾಸ ಆದವರ ಕನ್ನಡದಲ್ಲಿ ರಕಾರ ಸುರುಳಿ ಸುತ್ತುತ್ತದೆ, ಟಕಾರ ಮೆತ್ತಗಾಗುತ್ತದೆ. ಹಾಡುವ ಮೊದಲು ಸಾಹಿತ್ಯವನ್ನು ಮನೆಯವರಿಗೆ ಸುದ್ದಿ ಹೇಳುವ ಹಾಗೆ ಓದಿಸಿ. ಆ ಬಾಯಿಯಲ್ಲೇ ಹಾಡಿಸಿ. ನಾವು ಮಾತಾಡುವ ‘ಉಂಟು’, ‘ಬರ್ತೇನೆ’ ಕೂಡ ಹಾಡಿನೊಳಗೆ ಬರಲಿ. ಬೆಂಗಳೂರಿನ ಕನ್ನಡದಲ್ಲಿ ಬರೆದರೆ ಮಾತ್ರ ಹಾಡು ಅನ್ನುವ ಹಾಗೇನೂ ಇಲ್ಲ.

ಎಲ್ಲ ವಾದ್ಯಗಳನ್ನು ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿದೆವು, ಹಾಡುವವನ ಗಂಟಲಿಗೆ ಅದು ಹೊಂದಿತು. ಇದಕ್ಕೆ ನಾಚಿಕೆ ಬೇಡ. ಬ್ಲ್ಯಾಕ್ ಸಬ್ಬತ್ತಿನ ಗಿಟಾರಿಸ್ಟ್ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡವರು. ಆಮೇಲೆ ತೆಳು ತಂತಿ ಹಾಕಿದರು. 1971ರ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಮೂರು ಅರ್ಧ ಸ್ವರ ಕೆಳಗಿಳಿಸಿದರು. ಆ ಭಾರವಾದ ಸದ್ದು ಹುಟ್ಟಿದ್ದು ಮೈಗೆ ಒಗ್ಗುವುದನ್ನು ಹುಡುಕುವಾಗ.

ಮನೆ

ಸ್ಟುಡಿಯೋ ಬಾಡಿಗೆ ಮತ್ತೆ ಕೊಡುವ ಶಕ್ತಿ ನಮಗಿರಲಿಲ್ಲ. ಅಜ್ಜಿ ಮನೆಯಲ್ಲೇ ಮಾಡುವುದು ಅಂತ ಆಯಿತು. ಆಮೇಲೆ ಗೊತ್ತಾಯಿತು, ಡ್ರಮ್ಮಿಗೆ ಇದಕ್ಕಿಂತ ಒಳ್ಳೆಯ ಜಾಗ ಹಣ ಕೊಟ್ಟರೂ ಸಿಗುತ್ತಿರಲಿಲ್ಲ.

ಕಾಂಕ್ರೀಟಿನ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಟರ್ರ್ ಅಂತ ಒಂದು ಸದ್ದು ಹಿಂದೆ ಬರುತ್ತದೆ. ಸಪಾಟು ತಾರಸಿ ಮತ್ತು ನೆಲದ ನಡುವೆ, ಎದುರುಬದುರು ಗೋಡೆಗಳ ನಡುವೆ ಶಬ್ದ ಓಡಾಡುವುದು ಅದು. ಹಂಚಿನ ಮನೆಯ ಮಾಡು ಇಳಿಜಾರು. ಚಾವಡಿಯಲ್ಲಿ ಮುಚ್ಚಿಗೆ ಇಲ್ಲದಿದ್ದರೆ ಶಬ್ದ ಮೇಲೆ ಹೋಗಿ ಮರದ ಪಕ್ಕಾಸು, ರೀಪು, ಹಂಚಿಗೆ ತಾಗಿ ಚದುರುತ್ತದೆ. ಗುಂಯ್ ಅನ್ನುವುದಿಲ್ಲ, ಸತ್ತ ಹಾಗೂ ಇರುವುದಿಲ್ಲ. ಬಾಸೆಲ್ ಮಿಶನಿನವರು 1865ರಲ್ಲಿ ಇದೇ ಊರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವರು ಸುಟ್ಟ ಹಂಚು ಮುಂದೊಂದು ದಿನ ಸಿಂಬಲ್ಲಿನ ಸದ್ದನ್ನು ಇಷ್ಟು ಚೆನ್ನಾಗಿ ಹಿಡಿದೀತು ಅಂತ ಯಾರು ನೆನೆಸಿದ್ದರು? ಲೆಡ್ ಜೆಪೆಲಿನ್ 1971ರ ಆಲ್ಬಮ್ಮಿನ ಒಂದು ಹಾಡಿಗೆ ಡ್ರಮ್ಮನ್ನು ಹಳೆಯ ಮನೆಯೊಂದರ ಮೆಟ್ಟಿಲಿನ ಬುಡದಲ್ಲಿ ಇಟ್ಟು, ಮೇಲಿನಿಂದ ಎರಡು ಮೈಕ್ ಇಳಿಬಿಟ್ಟು ಹಿಡಿದರು. ಮನೆಯ ಸದ್ದೇ ಆ ಹಾಡಿನ ಸದ್ದು. ನಿಮ್ಮ ಊರಿನಲ್ಲೂ ಅಂಥ ಮನೆ ಇನ್ನೂ ಉಂಟು. ಕೆಡವುವ ಮೊದಲು ಅಲ್ಲಿ ಹೋಗಿ ಚಪ್ಪಾಳೆ ತಟ್ಟಿ.

ಡ್ರಮ್ಮನ್ನು ಚಾವಡಿಯ ಮಧ್ಯದಲ್ಲಿ ಇಡಬೇಡಿ, ಮೂಲೆಯಲ್ಲೂ ಇಡಬೇಡಿ. ಉದ್ದದ ಮೂರನೇ ಒಂದು ಭಾಗದಲ್ಲಿ ಇಟ್ಟು ನೋಡಿ. ಕೆಂಪು ರೆಡ್ಆಕ್ಸೈಡ್ ನೆಲದ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಹಿಂದಿನ ಗೋಡೆಗೆ ಹತ್ತಿಯ ಹಾಸಿಗೆ ಒರಗಿಸಿ. ಗಿಟಾರಿನ ಆಂಪ್ ಒಳಕೋಣೆಯಲ್ಲಿ, ಬಾಗಿಲು ಹೆಚ್ಚೂಕಡಿಮೆ ಮುಚ್ಚಿ. ಗಿಟಾರಿನವನು ಮಾತ್ರ ಚಾವಡಿಯಲ್ಲೇ ನಿಲ್ಲಲಿ, ಉದ್ದ ಕೇಬಲ್ ಹಾಕಿ. ಬೇಸ್ ನೇರ ಇಂಟರ್‌ಫೇಸಿಗೆ, ಅಂದರೆ ಮೈಕು, ವಾದ್ಯಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಗೆ. ನಾಲ್ವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು. ಹಾಡಿನ ಕೊನೆಗೆ ಎಲ್ಲರೂ ಒಟ್ಟಿಗೆ ನಿಲ್ಲುವುದು ಕಣ್ಣಿನ ಸನ್ನೆಯಲ್ಲಿ.

ಎಂಟು ಇನ್‌ಪುಟ್ಟಿನ ಇಂಟರ್‌ಫೇಸ್ ಒಂದನ್ನು ಎರವಲು ತಂದೆವು. ಡ್ರಮ್ಮಿಗೆ ನಾಲ್ಕೇ ಮೈಕ್. ಇದು ಗ್ಲಿನ್ ಜಾನ್ಸ್ ಅನ್ನುವ ಇಂಜಿನಿಯರ್ ಬಳಸುತ್ತಿದ್ದ ಕ್ರಮ, ಜೆಪೆಲಿನ್ನಿನ ಮೊದಲ ಆಲ್ಬಮ್ಮಿಗೆ ಕೂತವರೂ ಅವರೇ. ಒಂದು ಮೈಕ್ ಸ್ನೇರಿನ ನೇರ ಮೇಲೆ, ಸುಮಾರು ಒಂದು ಮೀಟರ್ ಎತ್ತರದಲ್ಲಿ. ಇನ್ನೊಂದು ಡ್ರಮ್ಮರಿನ ಬಲಕ್ಕೆ, ಫ್ಲೋರ್ ಟಾಮ್‌ನ ಆಚೆ, ಸ್ನೇರಿನ ಕಡೆ ಮುಖ ಮಾಡಿ. ಮೂರನೆಯದು ಕಿಕ್ಕಿಗೆ, ನಾಲ್ಕನೆಯದು ಸ್ನೇರಿಗೆ. ಗುಟ್ಟು ಇರುವುದು ಮೊದಲ ಎರಡರಲ್ಲಿ. ಸ್ನೇರಿನ ನಡುವಿನಿಂದ ಎರಡು ಮೈಕಿಗೂ ದೂರ ಸರಿಯಾಗಿ ಒಂದೇ ಇರಬೇಕು. ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ದೂರ ಬೇರೆಯಾದರೆ ಒಂದೇ ಪೆಟ್ಟು ಎರಡು ಸಲ ತಲುಪಿ, ಒಂದನ್ನೊಂದು ತಿಂದು, ಸ್ನೇರ್ ತಗಡಿನ ಹಾಗೆ ಕೇಳುತ್ತದೆ. ಅಜ್ಜಿ ಮಲ್ಲಿಗೆ ಕಟ್ಟಲು ಇಟ್ಟಿದ್ದ ಬಾಳೆನಾರನ್ನೇ ಅಳತೆಗೆ ಹಿಡಿದೆವು. ಒಂದು ತುದಿ ಸ್ನೇರಿನ ಮೇಲೆ, ಇನ್ನೊಂದು ತುದಿ ಮೈಕಿಗೆ. ಟೇಪಿಗಿಂತ ಇದು ಸಲೀಸು.

ಹಂಚಿನ ಮನೆಗೆ ಒಂದೇ ಕೊರತೆ. ಸಂದಿಗಳಿಂದ ಶಬ್ದ ಹೊರಗೂ ಹೋಗುತ್ತದೆ, ಒಳಗೂ ಬರುತ್ತದೆ. ಹೊರಗೆ ಹೋಗುವುದಕ್ಕೆ ಮದ್ದು ನೆರೆಮನೆ. ಒಂದು ವಾರ ಮೊದಲೇ ಹೋಗಿ ಹೇಳಿ. ನಾನು ಪಕ್ಕದ ಮನೆಯಾಕೆಯ ಹತ್ತಿರ ಹೋಗಿ, “ಬಾಯಿ, ಮಾರ್ಚಿನಲ್ಲಿ ಮೂರು ಭಾನುವಾರ ಮಧ್ಯಾಹ್ನ ಎರಡರಿಂದ ಐದರ ತನಕ ಜೋರು ಶಬ್ದ ಉಂಟು” ಅಂದೆ. “ಐದಕ್ಕೆ ನಿಲ್ಲಿಸ್ತೀ ಅಲ್ವಾ ಮಗಾ? ಆಮೇಲೆ ನಮ್ಮ ತೇರ್ಸ್ ಉಂಟು” ಅಂದರು. ತೇರ್ಸ್ ಅಂದರೆ ಜಪಮಾಲೆಯ ಪ್ರಾರ್ಥನೆ. ಐದಕ್ಕೆ ಸರಿಯಾಗಿ ನಿಲ್ಲಿಸಿದೆವು, ಒಳ್ಳೆಯ ಟೇಕ್ ಅರ್ಧದಲ್ಲಿದ್ದರೂ.

ಒಳಗೆ ಬರುವುದಕ್ಕೆ ಮದ್ದು ಕ್ಯಾಲೆಂಡರ್. ಜೂನ್ ಬಂದರೆ ಹಂಚಿನ ಮೇಲೆ ಮಳೆ, ಕೆಲಸ ಮುಗಿಯಿತು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯ ತನಕ ಯಕ್ಷಗಾನದ ಆಟ, ಭೂತಾರಾಧನೆಯ ಕೋಲ, ನೇಮ, ಚರ್ಚ್ ಹಬ್ಬ, ರಾತ್ರಿ ಎಲ್ಲಾದರೂ ಒಂದು ಕಡೆ ಮೈಕ್ ಇದ್ದೇ ಇರುತ್ತದೆ. ಹಾಗಾಗಿ ರಾತ್ರಿ ಬೇಡ. ಮಾರ್ಚಿನ ಮಧ್ಯಾಹ್ನ ಒಳ್ಳೆಯದು. ಕ್ರೈಸ್ತರಿಗೆ ತಪಸ್ಸು ಕಾಲ, ಮದುವೆ ಇಲ್ಲ, ಬ್ರಾಸ್ ಬ್ಯಾಂಡಿನ ಡ್ರಮ್ಮರಿಗೂ ಬಿಡುವು. ಸೆಕೆ ಮಾತ್ರ ತಡೆಯಲಾಗದು. ಫ್ಯಾನ್ ಹಾಕಿದರೆ ಮೈಕಿಗೆ ಗಾಳಿ ಬಡಿಯುತ್ತದೆ. ಇಪ್ಪತ್ತು ನಿಮಿಷ ನುಡಿಸಿ, ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರಿ. ಮಜ್ಜಿಗೆ ನೀರು ಕೊಡಪಾನದಷ್ಟು ಇರಲಿ.

ಕರೆಂಟು ಮತ್ತು ಉಪ್ಪುಗಾಳಿ

ನಮ್ಮ ಮೊದಲ ದಿನದ ಒಂದು ಗಂಟೆ ಹೋದದ್ದು ಗುಂಯ್ ಶಬ್ದ ಹುಡುಕುವುದರಲ್ಲಿ. ಮನೆಯ ಕರೆಂಟಿನ ಗುನುಗು 50 ಹರ್ಟ್ಸ್. ಬೇಸಿನ ದಪ್ಪ ತಂತಿಯಲ್ಲಿ ಸಿಗುವ ಜಿ ಸ್ವರ 49 ಹರ್ಟ್ಸ್. ಎರಡೂ ಅಂಟಿಕೊಂಡ ಹಾಗೆ ಇರುವುದರಿಂದ ಆಮೇಲೆ ತೆಗೆಯುತ್ತೇನೆ ಅಂದರೆ ನನ್ನ ಸ್ವರವೂ ಹೋಗುತ್ತದೆ. ಮೊದಲೇ ತೆಗೆಯಬೇಕು. ಆಂಪ್, ಇಂಟರ್‌ಫೇಸ್ ಎರಡನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ಎಳೆಯಿರಿ. ಟ್ಯೂಬ್‌ಲೈಟ್, ಇನ್ವರ್ಟರ್ ಆಫ್ ಮಾಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಹಿಂದಿನ ದಿನ ಎರಡು ಕೊಡಪಾನ ನೀರು ಹಾಕಿ. ನಮ್ಮ ಗುನುಗು ಮುಕ್ಕಾಲು ಪಾಲು ಹೋದದ್ದು ಆ ನೀರಿನಿಂದ. ಗುನುಗು ಕಡಿಮೆ ಮಾಡಲು ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ಯಾವ ಕಾರಣಕ್ಕೂ ಅದು ಬೇಡ. ಒಂದು ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇರುವಾಗ ಜೀವಕ್ಕೇ ಅಪಾಯ.

ಸಮುದ್ರದ ಗಾಳಿ ತಂತಿಯನ್ನು ತಿನ್ನುತ್ತದೆ. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಹೊಸ ತಂತಿಯನ್ನು ರೆಕಾರ್ಡಿಂಗಿಗೆ ಎರಡು ದಿನ ಮೊದಲು ಹಾಕಿ. ಮಳೆಗಾಲದಲ್ಲಿ ಮೈಕು, ಗಿಟಾರುಗಳನ್ನು ಬಲ್ಬ್ ಉರಿಯುವ ಕಪಾಟಿನಲ್ಲಿ ಇಡಿ, ಬಲ್ಬಿನಿಂದ ದೂರ. ರೇಷ್ಮೆ ಸೀರೆಗೆ ನಮ್ಮ ಮನೆಗಳಲ್ಲಿ ಮಾಡುವ ಉಪಾಯವೇ ಇದು.

ಆ ಮೂರು ಮಧ್ಯಾಹ್ನ

48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡಿ. ಎಂಟು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 70 ಎಂಬಿ ಬೇಕು, ಡಿಸ್ಕ್ ಖಾಲಿ ಇರಲಿ. ಮೀಟರ್ ಕೆಂಪು ಮುಟ್ಟಬಾರದು, ಅರ್ಧಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಸಾಕು.

ಒಂದು ಹಾಡಿಗೆ ಐದು ಟೇಕ್. ಅದಕ್ಕಿಂತ ಜಾಸ್ತಿ ಬೇಡ. ಆಗದಿದ್ದರೆ ಬೇರೆ ಹಾಡಿಗೆ ಹೋಗಿ, ಮುಂದಿನ ವಾರ ಮತ್ತೆ ಬನ್ನಿ. ನಮ್ಮ ಎಂಟರಲ್ಲಿ ಐದು ಹಾಡು ಎರಡನೇ ಟೇಕಿನಲ್ಲೇ ಆಯಿತು. ಒಂದು ಪುಸ್ತಕದಲ್ಲಿ ಪ್ರತಿ ಟೇಕಿನ ಮುಂದೆ ಒಂದೇ ಸಾಲು ಬರೆಯಿರಿ. ನಾನು ಬರೆದದ್ದು “ಸರಿ ಉಂಟು, ಜೀವ ಇಲ್ಲ”, “ಸೋಲೋ ತಪ್ಪು, ಉಳಿದದ್ದು ಬೆಂಕಿ” ಅಂತೆಲ್ಲ. ಆರಿಸುವ ದಿನ ಕಿವಿ ದಣಿದಿರುತ್ತದೆ, ಆಗ ಈ ಪುಸ್ತಕವೇ ದಾರಿ. ಸಣ್ಣ ತಪ್ಪಿರುವ ಜೀವಂತ ಟೇಕ್ ಮತ್ತು ತಪ್ಪಿಲ್ಲದ ಸಪ್ಪೆ ಟೇಕ್ ಎದುರಿಗಿದ್ದರೆ ಮೊದಲನೆಯದನ್ನೇ ಇಟ್ಟುಕೊಳ್ಳಿ. ನಾಲ್ಕನೇ ಹಾಡಿನ ಕೊನೆಯಲ್ಲಿ ಹಿತ್ತಲಿನ ತೆಂಗಿನಕಾಯಿ ಬಿದ್ದ ಸದ್ದು ಇದೆ. ತೆಗೆಯಲಿಲ್ಲ.

ಗಿಟಾರಿಗೆ ದೊಡ್ಡ ಆಂಪ್ ಬೇಡ. ಸಣ್ಣ ವಾಲ್ವ್ ಆಂಪನ್ನು ಜೋರಾಗಿ ಇಟ್ಟರೆ ಸಾಕು. ಗೇನ್ (ಸದ್ದನ್ನು ಒಡಕಾಗಿಸುವ ಮಟ್ಟ) ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರಲಿ. ಹಳೆಯ ರೆಕಾರ್ಡುಗಳನ್ನು ಗಮನಿಸಿ ಕೇಳಿ, ನೆನಪಿನಲ್ಲಿ ಇರುವಷ್ಟು ಡಿಸ್ಟಾರ್ಷನ್ ಅಲ್ಲಿ ಇಲ್ಲ.

ಹಾಡುಗಾರಿಕೆ ಬೇರೆ ದಿನ ಮಾಡಿದೆವು, ಬೆಳಿಗ್ಗೆ ಹತ್ತರ ಮೇಲೆ. ಅವನು ಮೈಕಿಗೆ ಬಾಯಿ ತಾಗಿಸಿ ಹಾಡುವ ಅಭ್ಯಾಸದವನು. ಒಂದೂವರೆ ಅಡಿ ಹಿಂದೆ ನಿಲ್ಲಿಸಿದೆ. ಮೈಕಿಲ್ಲದ ಕಾಲದ ಭಾಗವತರು ಚೆಂಡೆಯ ಮೇಲೂ ಕೇಳುವ ಹಾಗೆ ಹಾಡುತ್ತಿದ್ದರಲ್ಲ, ಆ ಎಸೆತ ಅವನ ಗಂಟಲಿನಲ್ಲಿ ಇತ್ತು. ಹಿಂದೆ ನಿಂತ ಮೇಲೆ ಅದು ಹೊರಗೆ ಬಂತು.

ಮಿಕ್ಸ್, ಹಕ್ಕು, ಬಿಡುಗಡೆ

ಮಿಕ್ಸ್ ನಾನೇ ಮಾಡಿದೆ. ಮೊದಲ ಮಿಕ್ಸ್ ಅಡುಗೆಮನೆಯಿಂದ ಕೇಳಿದ ಅಜ್ಜಿ, “ಮಗಾ, ಪದ್ಯ ಎಲ್ಲಿ ಉಂಟು?” ಅಂತ ಕೇಳಿದರು. ಗಿಟಾರ್ ಅಷ್ಟು ಎತ್ತರ ಇತ್ತು. ಹಾಡನ್ನು ಏರಿಸುವ ಬದಲು ಗಿಟಾರನ್ನು ಎಡ ಬಲಕ್ಕೆ ಸರಿಸಿ, ಧ್ವನಿಯ ಜಾಗದಲ್ಲಿ ಸ್ವಲ್ಪ ಕಡಿಮೆ ಮಾಡಿದೆ. ಆಮೇಲೆ ಪ್ರತಿ ಮಿಕ್ಸನ್ನೂ ಪಕ್ಕದ ಕೋಣೆಯಿಂದ ಕೇಳುವ ರೂಢಿ ಮಾಡಿಕೊಂಡೆ. ಪದ ಅಲ್ಲಿಗೂ ತಿಳಿದರೆ ಸರಿ. ಕಾರಿನಲ್ಲಿ, ಫೋನಿನಲ್ಲಿ, ಇಯರ್‌ಫೋನಿನಲ್ಲಿ ಕೇಳಿ. ಒಂದು ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಕೂರಬೇಡಿ.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮೊದಲು ಕೊಡುವ ಕೊನೆಯ ಹದ, ಬೇರೆಯವರಿಗೆ ಕೊಡಿ, ಹೊಸ ಕಿವಿ ಬೇಕು. ತುಂಬ ಜೋರು ಮಾಡಬೇಡಿ ಅಂತ ಸ್ಪಷ್ಟವಾಗಿ ಹೇಳಿ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಇದು ಶಬ್ದದ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಅದಕ್ಕಿಂತ ಜೋರಾಗಿ ಹಿಂಡಿದರೆ ಅವರು ಇಳಿಸುತ್ತಾರೆ, ಡ್ರಮ್ಮಿನ ಪೆಟ್ಟು ಸುಮ್ನೆ ಸಾಯುತ್ತದೆ.

ಕಾಗದದ ಕೆಲಸ ಬೇಸರ, ಆದರೆ ಬಿಡುಗಡೆಗೆ ಮೊದಲೇ ಮುಗಿಸಿ. ಯಾವ ಹಾಡಿನ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಯಾರಿಗೆ ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ನಾವು ಎಲ್ಲವನ್ನೂ ಸಮ ಪಾಲು ಮಾಡಿದೆವು. ಬರೆದವರು, ಸಂಗೀತ ಮಾಡಿದವರು ಐಪಿಆರ್‌ಎಸ್‌ನ (ಹಾಡಿನ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ) ಸದಸ್ಯರಾಗಬಹುದು, ಹಾಡು ಬಳಕೆಯಾದಾಗ ಬರುವ ರಾಯಲ್ಟಿ ಅದರ ಮೂಲಕ ಸಿಗುತ್ತದೆ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅನ್ನುವ ಗುರುತಿನ ಸಂಖ್ಯೆ ಬೇಕು, ಸಾಮಾನ್ಯವಾಗಿ ಹಾಡನ್ನು ಸ್ಟ್ರೀಮಿಂಗಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗಳೇ ಕೊಡುತ್ತಾರೆ. ಇಷ್ಟವಾದ ಹಳೆಯ ಹಾಡೊಂದನ್ನು ಆಲ್ಬಮ್ಮಿನಲ್ಲಿ ಹಾಡುವ ಆಸೆ ಇದ್ದರೆ ಕಾಯಿದೆ ನೋಡಿಕೊಳ್ಳಿ. 2012ರ ತಿದ್ದುಪಡಿಯ ಪ್ರಕಾರ ಹಕ್ಕುದಾರರ ಅನುಮತಿ ಪಡೆಯದೆ ಕವರ್ ಮಾಡಲು ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದ ಮೇಲೆ ಐದು ವರ್ಷ ಕಳೆದಿರಬೇಕು, ಮೊದಲೇ ನೋಟಿಸ್ ಕೊಟ್ಟು ರಾಯಲ್ಟಿ ಕಟ್ಟಬೇಕು. ಮೊದಲ ಆಲ್ಬಮ್ಮಿಗೆ ನಿಮ್ಮ ಹಾಡುಗಳೇ ಸಾಕು ಅಂತ ನನ್ನ ಅಭಿಪ್ರಾಯ.

ಬಿಡುಗಡೆಯ ತಾರೀಕನ್ನು ಮಾಸ್ಟರ್ ಕೈಗೆ ಬಂದ ಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು ಇಡಿ. ಆ ನಾಲ್ಕು ವಾರದಲ್ಲಿ ಎರಡು ಡಿಸ್ಕಿಗೆ ಎಲ್ಲ ಫೈಲುಗಳನ್ನು, ಬಿಟ್ಟ ಟೇಕುಗಳ ಸಮೇತ, ನಕಲು ಮಾಡಿ. ಟೇಕಿನ ಪುಸ್ತಕದ ಪುಟಗಳ ಫೋಟೋವನ್ನೂ ಸೇರಿಸಿ. ಎರಡೂ ಒಂದೇ ಮನೆಯಲ್ಲಿ ಇರಬಾರದು. ನಮ್ಮ ಒಂದು ಡಿಸ್ಕ್ ಜೆಪ್ಪುವಿನ ಕಪಾಟಿನಲ್ಲಿ ಬಲ್ಬಿನ ಬಿಸಿ ತಾಗದ ಮೇಲಿನ ತಟ್ಟಿನಲ್ಲಿ ಇದೆ. ಇನ್ನೊಂದನ್ನು ಡ್ರಮ್ಮರ್ ಟವೆಲಿನಲ್ಲಿ ಸುತ್ತಿ, ಆರರ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಉಡುಪಿಗೆ ತೆಗೆದುಕೊಂಡು ಹೋದ.